ಗುಜರಿಗೆ ಬಿದ್ದ ಅಲೆಗಳ ಅಳತೆಗೋಲು

ಹಳೆಯ ವಾಲ್ವ್ ರೇಡಿಯೋಗೆ ಈಗ ಒಳ್ಳೆಯ ಕಾಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಹೋಂ ಸ್ಟೇಗಳ ಜಗಲಿಯಲ್ಲಿ ಮರದ ಮೈಯ ಒಂದು ಮರ್ಫಿಯೋ ಫಿಲಿಪ್ಸೋ ಕುಳಿತಿದ್ದರೆ, ಅದು ಹಾಡದಿದ್ದರೂ ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಿತ್ತಾಳೆ ಹಂಡೆಗೆ, ಬೀಟೆ ಮರದ ಕುರ್ಚಿಗೆ, ಗ್ರಾಮಫೋನಿಗೆ ಬಂದ ಬೆಲೆ ರೇಡಿಯೋಗೂ ಬಂದಿದೆ. ಆದರೆ ಅದೇ ರೇಡಿಯೋ ಕೆಟ್ಟಾಗ ಅದನ್ನು ಸರಿಮಾಡಲು ರಿಪೇರಿಯವರು ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆಗೆ ಈ ಭಾಗ್ಯವಿಲ್ಲ. ಅದಕ್ಕೆ ಸ್ಪೀಕರ್ ಇಲ್ಲ, ಜರಿಬಟ್ಟೆಯ ಮುಖವಿಲ್ಲ, ಸ್ವಂತ ಹಾಡಿಲ್ಲ. ಅಂಗಡಿ ಮುಚ್ಚಿದ ಮೇಲೆ ಮನೆಯವರು ಅದನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುತ್ತಾರೆ. ರೇಡಿಯೋಗಿಂತ ಹೆಚ್ಚು ಶ್ರಮದಿಂದ ತಯಾರಾದ, ರೇಡಿಯೋಗಿಂತ ಹತ್ತಾರು ಪಟ್ಟು ಬೆಲೆ ಬಾಳುತ್ತಿದ್ದ ವಸ್ತು ಹೀಗೆ ಹಳೆ ಬಕೆಟ್ಟಿನ ಜೊತೆ ತಕ್ಕಡಿ ಏರುತ್ತದೆ.

ಇವುಗಳನ್ನು ಒಟ್ಟಾಗಿ ರೇಡಿಯೋ ಆವರ್ತನದ ಪರೀಕ್ಷಾ ಉಪಕರಣಗಳು ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಅಕ್ಕಸಾಲಿಗನಿಗೆ ಗುಲಗಂಜಿ ತೂಗುವ ತಕ್ಕಡಿ ಹೇಗೋ ರೇಡಿಯೋ ಕೆಲಸಗಾರನಿಗೆ ಇವು ಹಾಗೆ. ಸಿಗ್ನಲ್ ಜನರೇಟರ್ ಎಂಬುದು ನಿಮಗೆ ಬೇಕಾದ ಆವರ್ತನದಲ್ಲಿ, ಬೇಕಾದಷ್ಟೇ ಬಲದ ಅಲೆಯನ್ನು ಹುಟ್ಟಿಸುವ ಪೆಟ್ಟಿಗೆ. ಅಂದರೆ ಅಂಗೈಯಗಲದ ಒಂದು ಸುಳ್ಳು ಆಕಾಶವಾಣಿ. ಆವರ್ತನ ಮಾಪಕ, ಬಂದ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತಿದೆ ಎಂದು ಹೇಳುತ್ತದೆ. ಆಸಿಲೋಸ್ಕೋಪ್ ಅಲೆಯ ರೂಪವನ್ನು ಹಸಿರು ಗೆರೆಯಾಗಿ ಗಾಜಿನ ಮೇಲೆ ಬರೆದು ತೋರಿಸುತ್ತದೆ. ಸ್ಪೆಕ್ಟ್ರಮ್ ಅನಲೈಸರ್ ಒಂದೇ ನೋಟದಲ್ಲಿ ಯಾವ ಯಾವ ಆವರ್ತನದಲ್ಲಿ ಎಷ್ಟೆಷ್ಟು ಗದ್ದಲವಿದೆ ಎಂದು ಬಿಡಿಸಿಡುತ್ತದೆ. ಹಳ್ಳಿಯ ರಿಪೇರಿ ಅಂಗಡಿಗೆ ಕೊನೆಯ ಎರಡು ಎಟುಕುತ್ತಿರಲಿಲ್ಲ. ಒಂದು ಮೀಟರು, ಸಾಧ್ಯವಾದರೆ ಒಂದು ಸಿಗ್ನಲ್ ಜನರೇಟರು ಇದ್ದರೆ ಅದೇ ದೊಡ್ಡ ಅಂಗಡಿ.

ಅಂಥ ಸುಳ್ಳು ಆಕಾಶವಾಣಿ ಏತಕ್ಕೆ ಬೇಕಿತ್ತು ಎಂಬುದನ್ನು ಮಲೆನಾಡಿನ ಉದಾಹರಣೆಯಿಂದಲೇ ನೋಡೋಣ. 1965ರಲ್ಲಿ ಭದ್ರಾವತಿ ಆಕಾಶವಾಣಿ ಕೇಂದ್ರ ಆರಂಭವಾದಾಗ ಕಾಫಿ ಸೀಮೆಗೆ ಹತ್ತಿರದಲ್ಲೇ ಒಂದು ಕನ್ನಡ ಬಾನುಲಿ ದೊರೆತಂತಾಯಿತು. ಅದರ ಮಧ್ಯಮ ತರಂಗದ ಆವರ್ತನ 675 ಕಿಲೋಹರ್ಟ್ಸ್. ನಮ್ಮ ರೇಡಿಯೋಗಳು ಬಂದ ಅಲೆಯನ್ನು ನೇರವಾಗಿ ಹಿಗ್ಗಿಸುವುದಿಲ್ಲ. ರೇಡಿಯೋದ ಒಳಗೇ ಒಂದು ಪುಟ್ಟ ಅಲೆ ಹುಟ್ಟುತ್ತದೆ. ಹೊರಗಿನಿಂದ ಬಂದ ಅಲೆಯೂ ಇದೂ ಬೆರೆತು, ಎರಡರ ವ್ಯತ್ಯಾಸ ಯಾವಾಗಲೂ 455 ಕಿಲೋಹರ್ಟ್ಸ್ ಬರುವಂತೆ ಏರ್ಪಾಡು ಮಾಡಿರುತ್ತಾರೆ. ಭದ್ರಾವತಿಯ 675 ಕೇಳಬೇಕಾದರೆ ಒಳಗಿನ ಅಲೆ 1130 ಆಗಿರಬೇಕು. ಮುಂದಿನ ಸುರುಳಿಗಳೆಲ್ಲ 455ಕ್ಕೆ ಮಾತ್ರ ಕಿವಿಗೊಡುವಂತೆ ಶ್ರುತಿ ಮಾಡಿದವು. ಈ ಶ್ರುತಿ ತಪ್ಪಿದರೆ ಕೇಂದ್ರಗಳು ಒಂದರ ಮೇಲೊಂದು ಬೀಳುತ್ತವೆ, ದೂರದ್ದು ಸತ್ತೇ ಹೋಗುತ್ತದೆ. ಆಗ ರಿಪೇರಿಯವನು ಜನರೇಟರಿನಿಂದ 455ರ ಅಲೆಯನ್ನು ಕೊಟ್ಟು, ಕಬ್ಬಿಣ ತಾಗದ ಸಣ್ಣ ತಿರುಗುಳಿಯಿಂದ ಸುರುಳಿಯ ತಿರುಳನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಸದ್ದು ಎಲ್ಲಿ ಅತಿ ಜೋರಾಗುತ್ತದೋ ಅಲ್ಲಿ ನಿಲ್ಲಿಸುತ್ತಿದ್ದ. ಆಮೇಲೆ ಡಯಲಿನ ಎರಡು ತುದಿಗಳಲ್ಲಿ, ಅಂದರೆ 600 ಮತ್ತು 1400ರ ಸುಮಾರಿನಲ್ಲಿ, ಇದೇ ಕೆಲಸ. ಜನರೇಟರ್ ಇಲ್ಲದವರು ರಾತ್ರಿ ಕಾದು, ಕೇಳಿಸುವ ಯಾವುದೋ ಕೇಂದ್ರವನ್ನೇ ಆಧಾರವಾಗಿಟ್ಟುಕೊಂಡು ಕಿವಿಯಿಂದ ಹೊಂದಿಸುತ್ತಿದ್ದರು. ತಂಬೂರಿ ಇಲ್ಲದೆ ಶ್ರುತಿ ಹಿಡಿದಂತೆ. ಕೆಲವರಿಗೆ ಅದು ಸಿದ್ಧಿಸಿತ್ತು ಕೂಡ.

ಬಯಲುಸೀಮೆಯಲ್ಲಿ ರೇಡಿಯೋ ಶ್ರುತಿ ತಪ್ಪುವುದಕ್ಕೂ ಮಲೆನಾಡಿನಲ್ಲಿ ತಪ್ಪುವುದಕ್ಕೂ ವ್ಯತ್ಯಾಸವಿದೆ. ಆರಿದ್ರೆಯಿಂದ ಆಶ್ಲೇಷೆಯವರೆಗೆ ಮಳೆ ಹಿಡಿದರೆ ಇಲ್ಲಿ ಚಪ್ಪಲಿ, ಪುಸ್ತಕ, ಕಂಬಳಿ ಎಲ್ಲಕ್ಕೂ ಬೂಷ್ಟು. ಆ ಕಾಲದ ಕಂಡೆನ್ಸರುಗಳು ಮೇಣ ಹಚ್ಚಿದ ಕಾಗದದವು. ಅವು ನೀರು ಕುಡಿಯುತ್ತಿದ್ದವು. ತಡೆಯಬೇಕಾದ ವಿದ್ಯುತ್ತನ್ನು ಅವು ಜಿನುಗಿಸಿದರೆ ಮುಂದಿನ ವಾಲ್ವು ಅತಿಯಾಗಿ ಕಾಯುತ್ತದೆ, ಅದರ ಹಿಂದೆಯೇ ಟ್ರಾನ್ಸ್‌ಫಾರ್ಮರು ಸುಡುತ್ತದೆ. ದಿನವೂ ಹಾಡುವ ವಾಲ್ವ್ ರೇಡಿಯೋ ತನ್ನ ಬಿಸಿಯಿಂದ ತಾನೇ ಒಣಗಿಕೊಳ್ಳುತ್ತಿತ್ತು. ಸುಮ್ಮನೆ ಕಪಾಟಿನಲ್ಲಿಟ್ಟದ್ದು ಕೆಡುತ್ತಿತ್ತು. ಪರೀಕ್ಷಾ ಉಪಕರಣಗಳಿಗೂ ಇದೇ ನ್ಯಾಯ ಎಂಬುದನ್ನು ಕೊಳ್ಳುವವರು ಮರೆಯಬಾರದು. ಮಳೆನಾಡಿನ ಅಟ್ಟದಲ್ಲಿ ಇಪ್ಪತ್ತು ವರ್ಷ ಇದ್ದ ಪೆಟ್ಟಿಗೆ, ಹೊರಗೆ ಎಷ್ಟೇ ಹೊಳೆಯಲಿ, ಒಳಗೆ ಒದ್ದೆ.

ಇನ್ನೊಂದು ಸಂಗತಿ ಬೆಟ್ಟಗಳದ್ದು. ಮಧ್ಯಮ ತರಂಗ ನೆಲವನ್ನು ಅನುಸರಿಸಿ ಅಷ್ಟಿಷ್ಟು ಬಾಗಿ ಬರುತ್ತದೆ. ಹ್ರಸ್ವ ತರಂಗ ಮೇಲಿನ ಅಯಾನುಗೋಲಕ್ಕೆ ತಾಗಿ ಹಿಂದಿರುಗುತ್ತದೆ. ರೇಡಿಯೋ ಸಿಲೋನ್ ಕೊಲಂಬೊದಿಂದ ಕಾಫಿ ತೋಟದ ಬಂಗಲೆಗೂ ರೈಟರ ಮನೆಗೂ ಸಿನಿಮಾ ಹಾಡು ತಂದದ್ದು ಹೀಗೆ. ಆದರೆ ಪೊಲೀಸ್ ವೈರ್‌ಲೆಸ್ಸಿನಂಥ ಅತ್ಯುಚ್ಚ ಆವರ್ತನದ ಅಲೆ ಬೆಳಕಿನ ಹಾಗೆ ನೇರ ಹೋಗುವುದು. ಎದುರಿಗೆ ಬೆಟ್ಟ ಬಂದರೆ ಮುಗಿಯಿತು. ಕರ್ನಾಟಕದ ಅತ್ಯುನ್ನತ ಶಿಖರವಾದ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಗುಡಿಯ ಜೊತೆಗೆ ಪೊಲೀಸ್ ವೈರ್‌ಲೆಸ್ ಮರುಪ್ರಸಾರ ಕೇಂದ್ರವೂ ಇರುವುದಕ್ಕೆ ಇದೇ ಕಾರಣ. ಅಂಥ ಕಡೆ ಕೂತ ಯಂತ್ರದ ಆವರ್ತನ ತುಸು ಜಾರಿದರೂ ಕೆಳಗಿನ ಠಾಣೆಗಳಿಗೆ ಅದು ಕೇಳುವುದಿಲ್ಲ. ಬೆಟ್ಟ ಹತ್ತಿ ಅಳೆಯಲೇಬೇಕು. ಇಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಹಾಸನದಲ್ಲಿ 1982ರಲ್ಲಿ ಇನ್ಸ್ಯಾಟ್ ಉಪಗ್ರಹಗಳಿಗಾಗಿ ಸ್ಥಾಪನೆಯಾದ ಮುಖ್ಯ ನಿಯಂತ್ರಣ ಕೇಂದ್ರಕ್ಕೆ ಬೇಕಾದ ಅಳತೆಯಂತೂ ಬಹಳ ಸೂಕ್ಷ್ಮವಾದದ್ದು: 36,000 ಕಿಲೋಮೀಟರ್ ಮೇಲಿನಿಂದ ಬರುವ ಕ್ಷೀಣ ಅಲೆಯದು.

ಈ ಉಪಕರಣಗಳ ಮೂಲ ಹುಡುಕಿದರೆ ನಾವು ಎರಡು ಮಹಾಯುದ್ಧಗಳ ನಡುವಿನ ಅಮೆರಿಕ, ಇಂಗ್ಲೆಂಡುಗಳಿಗೆ ಹೋಗುತ್ತೇವೆ. ಅಮೆರಿಕದ ಕೇಂಬ್ರಿಜ್‌ನಲ್ಲಿ 1915ರಲ್ಲೇ ಜನರಲ್ ರೇಡಿಯೋ ಕಂಪನಿ ಹುಟ್ಟಿತ್ತು. ಬೂಂಟನ್ ಕಂಪನಿಯ ಕ್ಯೂ ಮೀಟರ್, ಅಂದರೆ ಸುರುಳಿಯ ಗುಣವನ್ನು ಅಳೆಯುವ ಯಂತ್ರ, 1930ರ ದಶಕದ್ದು. 1939ರಲ್ಲಿ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಎಂಬ ಇಬ್ಬರು ಗೆಳೆಯರು ಕ್ಯಾಲಿಫೋರ್ನಿಯದ ಒಂದು ಗ್ಯಾರೇಜಿನಲ್ಲಿ ಕಂಪನಿ ತೆರೆದಾಗ ಅವರ ಮೊದಲ ಸರಕು ಕಂಪ್ಯೂಟರ್ ಅಲ್ಲ, ಶಬ್ದದ ಆವರ್ತನ ಹುಟ್ಟಿಸುವ ಒಂದು ಆಸಿಲೇಟರ್. ಅದರ ಮುಂದಿನ ಮಾದರಿಯ ಎಂಟನ್ನು ಕೊಂಡದ್ದು ವಾಲ್ಟ್ ಡಿಸ್ನಿ ಸಂಸ್ಥೆ, ತನ್ನ ‘ಫ್ಯಾಂಟೇಸಿಯ’ ಚಿತ್ರಕ್ಕಾಗಿ. ಇಂಗ್ಲೆಂಡಿನಲ್ಲಿ ಮಾರ್ಕೋನಿ ಇನ್‌ಸ್ಟ್ರುಮೆಂಟ್ಸ್, ಜರ್ಮನಿಯಲ್ಲಿ ರೋಡೆ ಮತ್ತು ಶ್ವಾರ್ಟ್ಸ್, ಯುದ್ಧಾನಂತರ 1946ರಲ್ಲಿ ಟೆಕ್ಟ್ರಾನಿಕ್ಸ್. ಹಳೆಯ ಪ್ರಯೋಗಾಲಯಗಳ ಮೂಲೆಯಲ್ಲಿ ಇಂದಿಗೂ ಸಿಗುವ ಹೆಸರುಗಳು ಬಹುಪಾಲು ಇವೇ.

ಇವುಗಳನ್ನು ರಾಶಿ ರಾಶಿಯಾಗಿ ಮಾಡಿಸಿದ್ದು ಯುದ್ಧ. ಆ ಕಾಲದ ಒಂದು ಪೆಟ್ಟಿಗೆಯ ಕಥೆ ಇಡೀ ಹಳೆಮಾಲಿನ ವ್ಯಾಪಾರಕ್ಕೆ ಕನ್ನಡಿ ಹಿಡಿಯುವಂತಿದೆ. ಅಮೆರಿಕ ಸೇನೆಯ ಬಿಸಿ-221 ಎಂಬ ಆವರ್ತನ ಮಾಪಕ 125 ಕಿಲೋಹರ್ಟ್ಸ್‌ನಿಂದ 20 ಮೆಗಾಹರ್ಟ್ಸ್‌ವರೆಗೆ ಅಳೆಯುತ್ತಿತ್ತು. ಅದರ ಡಯಲಿನ ಮೇಲೆ ಆವರ್ತನ ಬರೆದಿರಲಿಲ್ಲ, ಬರಿಯ ಅಂಕಿಗಳು. ಯಾವ ಅಂಕಿಗೆ ಯಾವ ಆವರ್ತನ ಎಂಬುದು ಪೆಟ್ಟಿಗೆಯ ಮುಚ್ಚಳದ ಬಳಿ ಇಟ್ಟಿದ್ದ ಒಂದು ಪುಸ್ತಕದಲ್ಲಿತ್ತು. ಮುಖ್ಯವಾದ ಮಾತೆಂದರೆ, ಆ ಪುಸ್ತಕ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಅಲ್ಲ. ಕಾರ್ಖಾನೆಯಲ್ಲಿ ಒಂದೊಂದು ಪೆಟ್ಟಿಗೆಯನ್ನೂ ಬೇರೆ ಬೇರೆ ಅಳೆದು, ಅದಕ್ಕೊಂದು ಬೇರೆಯೇ ಪುಸ್ತಕ ತಯಾರಿಸಿ, ಪೆಟ್ಟಿಗೆಯ ಕ್ರಮಸಂಖ್ಯೆಯನ್ನೇ ಪುಸ್ತಕಕ್ಕೂ ಹಾಕುತ್ತಿದ್ದರು. ಯುದ್ಧ ಮುಗಿದು ಈ ಮಾಪಕಗಳು ಜಗತ್ತಿನಾದ್ಯಂತ ಹರಾಜಿಗೆ ಬಂದವು. ಪುಸ್ತಕವಿದ್ದ ಪೆಟ್ಟಿಗೆ ಹವ್ಯಾಸಿಗಳಿಗೆ ಚಿನ್ನ. ಪುಸ್ತಕ ಕಳೆದದ್ದು, ಅಥವಾ ಮಾರುವವನ ಅವಸರದಲ್ಲಿ ಪಕ್ಕದ ಪೆಟ್ಟಿಗೆಯ ಪುಸ್ತಕ ಸೇರಿದ್ದು, ಅಷ್ಟೇ ಭಾರದ ಕಬ್ಬಿಣ. ಮಾಲು ಅದೇ, ಕೆಲಸವೂ ಸರಿಯಾಗಿಯೇ ನಡೆಯುತ್ತಿದೆ. ಆದರೂ ಒಂದು ಸಣ್ಣ ಪುಸ್ತಕವಿಲ್ಲದೆ ಅದು ಹೇಳುವ ಅಂಕಿಗೆ ಅರ್ಥವಿಲ್ಲ.

ಯುದ್ಧದ ಉಳಿಕೆ ಮಾಲು ದೊಡ್ಡ ದೊಡ್ಡ ಪೇಟೆಗಳನ್ನೇ ಬೆಳೆಸಿತು. ಟೋಕಿಯೋದ ಅಕಿಹಬಾರ ಹುಟ್ಟಿದ್ದು ರೇಡಿಯೋ ಬಿಡಿಭಾಗಗಳ ಕಾಳಸಂತೆಯಾಗಿ. ನ್ಯೂಯಾರ್ಕಿನ ‘ರೇಡಿಯೋ ರೋ’ 1960ರ ದಶಕದಲ್ಲಿ ನೆಲಸಮವಾಗಿ ಅದರ ಜಾಗದಲ್ಲಿ ವಿಶ್ವ ವಾಣಿಜ್ಯ ಕೇಂದ್ರದ ಜೋಡಿ ಗೋಪುರಗಳು ಎದ್ದವು. ಅಮೆರಿಕದ ಡೇಟನ್‌ನಲ್ಲಿ 1952ರಿಂದ ನಡೆದುಬಂದ ಹವ್ಯಾಸಿಗಳ ಜಾತ್ರೆಯಲ್ಲಿ ಹಳೆಯ ಉಪಕರಣದ ಸಂತೆಯೇ ಮುಖ್ಯ ಆಕರ್ಷಣೆ. ನಮ್ಮಲ್ಲಿ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಮದರಾಸಿನ ರಿಚ್ಚಿ ಬೀದಿ ಹಾಗೂ 1985ರಲ್ಲಿ ಬೆಂಕಿಗೆ ಆಹುತಿಯಾದ ಮೂರ್ ಮಾರ್ಕೆಟ್, ದೆಹಲಿಯ ಲಜಪತರಾಯ್ ಮಾರುಕಟ್ಟೆ. ಕನ್ನಡಿಗರಿಗೆ ಬೆಂಗಳೂರಿನ ಸಾದರ ಪಟ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರೋಡ್, ಅದಕ್ಕೆ ಅಂಟಿಕೊಂಡಂತೆ ಚಿಕ್ಕಪೇಟೆಯ ಕಡೆಯ ಭಾನುವಾರದ ಸಂತೆ.

ಬೆಂಗಳೂರಿಗೆ ಈ ವ್ಯಾಪಾರ ಒದಗಿಬಂದದ್ದು ಆಕಸ್ಮಿಕವಲ್ಲ. 1948ರಲ್ಲಿ ದೂರವಾಣಿನಗರದ ಐಟಿಐ, 1954ರಲ್ಲಿ ಜಾಲಹಳ್ಳಿಯ ಬಿಇಎಲ್, ವಿಮಾನ ಕಾರ್ಖಾನೆ ಎಚ್‌ಎಎಲ್, ರಕ್ಷಣಾ ಪ್ರಯೋಗಾಲಯಗಳು, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ, ಕೊನೆಗೆ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ. ಒಂದೇ ಊರಿನಲ್ಲಿ ರೇಡಿಯೋ ಅಲೆಯೊಡನೆ ವ್ಯವಹರಿಸುವ ಇಷ್ಟು ಸಂಸ್ಥೆಗಳು. ಬಿಇಎಲ್ 1961ರಲ್ಲಿ ವಾಲ್ವುಗಳನ್ನು, ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತು. ದೇಶದ ಮೂಲೆ ಮೂಲೆಯ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ಜಾಲಹಳ್ಳಿಯ ಸರಕಿತ್ತು. ಅದನ್ನೆಲ್ಲ ಅಳೆಯಲು ಬೇಕಾದ ಸೂಕ್ಷ್ಮ ಯಂತ್ರಗಳು ಮಾತ್ರ ಹೆಚ್ಚಾಗಿ ಹೊರದೇಶದವು. ಎಪ್‌ಲ್ಯಾಬ್, ಸಿಸ್ಟ್ರಾನಿಕ್ಸ್, ಹೈದರಾಬಾದಿನ ಇಸಿಐಎಲ್ ಮೊದಲಾದ ಸ್ವದೇಶಿ ಕಂಪನಿಗಳು ಒಳ್ಳೆಯ ಉಪಕರಣಗಳನ್ನೇ ಮಾಡಿದವು. ಆದರೆ ಅತ್ಯುಚ್ಚ ಆವರ್ತನಕ್ಕೆ ಏರಿದಂತೆಲ್ಲ ಆಮದು ಅನಿವಾರ್ಯವಾಯಿತು.

1991ಕ್ಕೆ ಮೊದಲು ಆಮದು ಎಂದರೆ ಏನೆಂದು ಇಂದಿನ ತರುಣರಿಗೆ ಹೇಳಿದರೆ ನಂಬಲಾರರು. ಲೈಸೆನ್ಸು ಬೇಕು, ವಿದೇಶಿ ವಿನಿಮಯ ಮಂಜೂರಾಗಬೇಕು, ಇದು ದೇಶದಲ್ಲಿ ದೊರೆಯುವುದಿಲ್ಲವೆಂದು ತೋರಿಸಬೇಕು, ಮೇಲೆ ಸುಂಕ. ಸರ್ಕಾರಿ ಸಂಸ್ಥೆಗೇ ಇಷ್ಟು ಪಾಡಾದರೆ ಸಣ್ಣ ಕೈಗಾರಿಕೆ ನಡೆಸುವವನ, ಕಾಲೇಜು ಹುಡುಗನ, ಹ್ಯಾಮ್ ಹವ್ಯಾಸಿಯ ಗತಿ ಏನು? ಅವರೆಲ್ಲರಿಗೂ ಇದ್ದ ದಾರಿ ಒಂದೇ. ದೊಡ್ಡ ಸಂಸ್ಥೆ ‘ಬಳಕೆಗೆ ಯೋಗ್ಯವಲ್ಲ’ ಎಂದು ಷರಾ ಬರೆದು ಹೊರಹಾಕಿದ್ದನ್ನು ಕಾದು ಕೊಳ್ಳುವುದು. ಹೀಗೆ ಹೊರಬಿದ್ದ ಮಾಲು ಲಾಟ್ ಲೆಕ್ಕದಲ್ಲಿ ಹರಾಜಾಗುತ್ತಿತ್ತು. ಕೇಂದ್ರ ಸರ್ಕಾರದ ಸರಬರಾಜು ಮತ್ತು ವಿಲೇವಾರಿ ಮಹಾನಿರ್ದೇಶನಾಲಯ 2017ರಲ್ಲಿ ಮುಚ್ಚುವವರೆಗೂ ಇಂಥ ವಿಲೇವಾರಿಗೆ ಹೆಸರಾಗಿತ್ತು. ಈಗ ಕೋಲ್ಕತ್ತಾ ಮೂಲದ ಎಂಎಸ್‌ಟಿಸಿಯ ಗಣಕ ಹರಾಜೇ ಮುಖ್ಯ ದಾರಿ. ಒಂದು ಲಾಟಿನಲ್ಲಿ ಮುರಿದ ಕುರ್ಚಿ, ಸೀಲಿಂಗ್ ಫ್ಯಾನು, ಕೇಬಲ್ಲಿನ ಸುರುಳಿ, ನಡುವೆ ಎರಡು ಸಿಗ್ನಲ್ ಜನರೇಟರು. ಕೂಗಿದವನು ಕೂಗಿದ್ದು ತಾಮ್ರದ ತೂಕ ನೋಡಿ. ಎಸ್.ಪಿ. ರಸ್ತೆಯ ಕಣ್ಣುಳ್ಳ ವ್ಯಾಪಾರಿ ಅದರಿಂದ ಬೂದು ಪೆಟ್ಟಿಗೆಯನ್ನು ಮಾತ್ರ ಎತ್ತಿಕೊಳ್ಳುತ್ತಾನೆ. ನಮ್ಮ ನಾಡಿನ ಅದೆಷ್ಟೋ ಸಣ್ಣ ಎಲೆಕ್ಟ್ರಾನಿಕ್ಸ್ ಉದ್ಯಮಗಳ ಮೊದಲ ಮೇಜು ಸಜ್ಜಾದದ್ದು ಇಂಥ ಎತ್ತಿಕೊಂಡ ಮಾಲಿನಿಂದ. ಉದಾರೀಕರಣದ ಇತಿಹಾಸ ಬರೆಯುವವರು ಈ ಮಾತನ್ನು ಅಷ್ಟಾಗಿ ಬರೆದಂತಿಲ್ಲ.

ಮಾರುವವನೂ ಕೊಳ್ಳುವವನೂ ಎದುರಾಗುವ ಹೊತ್ತಿನಲ್ಲಿ ಒಂದು ಪದದ ಮೇಲೆ ಎಲ್ಲವೂ ನಿಂತಿರುತ್ತದೆ: ‘ವರ್ಕಿಂಗ್’. ಅಂಗಡಿಯಲ್ಲಿ ಇದರ ಅರ್ಥ, ಸ್ವಿಚ್ ಹಾಕಿದರೆ ದೀಪ ಹತ್ತುತ್ತದೆ ಎಂದಷ್ಟೆ. ಅಳತೆಯ ಯಂತ್ರಕ್ಕೆ ಇದು ಸಾಲದು. ದೀಪ ಹತ್ತಿ, ಡಯಲ್ ತಿರುಗಿ, ಅಲೆಯೂ ಹೊರಬಂದು, ಆ ಅಲೆಯ ಬಲ ಮಾತ್ರ ಮೀಟರು ಹೇಳಿದ್ದರ ಹತ್ತನೆಯ ಒಂದು ಪಾಲು ಇರಬಹುದು. ಸಿಗ್ನಲ್ ಜನರೇಟರಿನ ಹೊರದ್ವಾರದಲ್ಲಿ ಅಲೆಯನ್ನು ಹಂತ ಹಂತವಾಗಿ ಕುಗ್ಗಿಸುವ ಅಟೆನ್ಯುಯೇಟರ್ ಎಂಬ ಭಾಗವಿದೆ. ಅದರೊಳಗಿನ ರೆಸಿಸ್ಟರುಗಳು ಬಹಳ ಸುಕುಮಾರ. ಯಾರೋ ವೈರ್‌ಲೆಸ್ ಸೆಟ್ಟನ್ನು ಪರೀಕ್ಷಿಸುವಾಗ ಕೈತಪ್ಪಿ ಮಾತಾಡುವ ಗುಂಡಿ ಒತ್ತಿದರೆ, ಸೆಟ್ಟಿನ ಹತ್ತಾರು ವಾಟ್ ಶಕ್ತಿ ಹಿಂದಿನಿಂದ ನುಗ್ಗಿ ಅವುಗಳನ್ನು ಸುಟ್ಟುಬಿಡುತ್ತದೆ. ಹೊರಗೆ ಕಪ್ಪು ಕಲೆಯೂ ಕಾಣದು. ಸ್ಪೆಕ್ಟ್ರಮ್ ಅನಲೈಸರಿನ ಮೊದಲ ಮಿಕ್ಸರಿಗೂ ಇದೇ ಅಪಾಯ. ಆದ್ದರಿಂದ ತಿಳಿದವರು ಒಂದೊಂದು ಹಂತಕ್ಕೂ ಗುಂಡಿ ತಿರುಗಿಸಿ, ಬಲ ಸಮನಾಗಿ ಇಳಿಯುತ್ತದೆಯೇ ಎಂದು ನೋಡಿಯೇ ಮುಂಗಡ ಕೊಡುತ್ತಾರೆ. ಪ್ರಾಮಾಣಿಕ ವ್ಯಾಪಾರಿ ಈ ಪರೀಕ್ಷೆಗೆ ಬೇಸರಿಸುವುದಿಲ್ಲ. ‘ನೋಡಿಕೊಂಡು ತಗೊಳ್ಳಿ ಸಾರ್, ಆಮೇಲೆ ವಾಪಸ್ ಇಲ್ಲ’ ಎಂಬುದು ಒರಟು ಮಾತಾದರೂ ನ್ಯಾಯದ ಮಾತೇ.

ಬೆಲೆಯನ್ನು ಏರಿಸುವ ಇನ್ನೊಂದು ವಸ್ತು ಕೈಪಿಡಿ. ಆ ಕಾಲದ ತಯಾರಕರು ತಮ್ಮ ಯಂತ್ರದ ಸಂಪೂರ್ಣ ಸರ್ಕ್ಯೂಟನ್ನು, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂಬುದನ್ನು, ಹೊಂದಿಸುವ ಕ್ರಮವನ್ನು ಮುದ್ರಿಸಿ ಯಂತ್ರದ ಜೊತೆಗೇ ಕೊಡುತ್ತಿದ್ದರು. ಕೊಂಡವನು ತಾನೇ ರಿಪೇರಿ ಮಾಡಿಕೊಳ್ಳಬಲ್ಲ ಎಂಬ ನಂಬಿಕೆ ಅದರ ಹಿಂದಿತ್ತು. ಟೆಕ್ಟ್ರಾನಿಕ್ಸ್‌ನ ಹಳೆಯ ವಾಲ್ವ್ ಆಸಿಲೋಸ್ಕೋಪುಗಳು ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 30 ಕಿಲೋ ತೂಗುವ ಆ ಯಂತ್ರಗಳ ಒಳಗೆ ಬಿಡಿಭಾಗಗಳನ್ನು ಪಿಂಗಾಣಿಯ ಪಟ್ಟಿಗಳ ಮೇಲೆ ಬೆಸೆದಿರುತ್ತಿದ್ದರು. ಮಾಮೂಲಿ ಸೀಸದ ಬೆಸುಗೆ ಹಾಕಿದರೆ ಪಟ್ಟಿಯ ಬೆಳ್ಳಿಯ ಲೇಪ ಕರಗಿ ಕಿತ್ತು ಬರುತ್ತದೆ. ತುಸು ಬೆಳ್ಳಿ ಬೆರೆತ ಬೆಸುಗೆಯೇ ಬೇಕು. ಅಂಥ ಬೆಸುಗೆ ತಂತಿಯ ಒಂದು ಪುಟ್ಟ ಸುರುಳಿಯನ್ನು ಕಂಪನಿ ಯಂತ್ರದ ಹೊಟ್ಟೆಯೊಳಗೇ ಸಿಕ್ಕಿಸಿ ಕಳುಹಿಸುತ್ತಿತ್ತು, ಮುಂದೆಂದೋ ರಿಪೇರಿಗೆ ಕೂತವನಿಗಾಗಿ. ಅರ್ಧ ಶತಮಾನದ ಮೇಲೆ ಮುಚ್ಚಳ ತೆರೆದಾಗ ಆ ಸುರುಳಿ ಹಾಗೇ ಇರುವುದುಂಟು. ಇಂದು ಕೊಂಡ ಟಿವಿಯ ಹಿಂಬದಿ ಬಿಚ್ಚಿದರೆ ಗ್ಯಾರಂಟಿಯೇ ಹೋಯಿತು.

ಕಾನೂನಿನ ಮಾತನ್ನೂ ಹೇಳಬೇಕು, ಏಕೆಂದರೆ ಈ ವ್ಯಾಪಾರದಲ್ಲಿ ಅದನ್ನು ಮರೆತವರು ತೊಂದರೆಗೆ ಸಿಕ್ಕಿದ್ದಾರೆ. 1933ರ ಭಾರತೀಯ ನಿಸ್ತಂತು ತಂತಿ ಕಾಯ್ದೆಯ ಪ್ರಕಾರ ನಿಸ್ತಂತು ಉಪಕರಣವನ್ನು ಲೈಸೆನ್ಸಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ಲೈಸೆನ್ಸ್ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡದ್ದು ಹಿರಿಯರಿಗೆ ನೆನಪಿರಬಹುದು. ಆ ಪದ್ಧತಿ 1980ರ ದಶಕದ ನಡುವೆ ಕೊನೆಗೊಂಡಿತು. ಆ ಕಾಯ್ದೆಯ ಜಾಗಕ್ಕೆ ಈಗ 2023ರ ದೂರಸಂಪರ್ಕ ಕಾಯ್ದೆ ಹಂತ ಹಂತವಾಗಿ ಬಂದಿದೆ. ಪ್ರಸಾರ ಮಾಡಬಲ್ಲ ಯಂತ್ರಕ್ಕೆ ಅನುಮತಿ ಬೇಕೆಂಬ ಮೂಲ ತತ್ವ ಬದಲಾಗಿಲ್ಲ. ವಾಕಿಟಾಕಿಗಳ ಬೇಕಾಬಿಟ್ಟಿ ಮಾರಾಟದ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಹರಾಜಿನ ಲಾಟಿನಲ್ಲಿ ಅಳೆಯುವ ಪೆಟ್ಟಿಗೆಯ ಪಕ್ಕದಲ್ಲೇ ಮಾತಾಡುವ ಪೆಟ್ಟಿಗೆಯೂ ಬಂದಿರುತ್ತದೆ. ಎರಡೂ ನೋಡಲು ಒಂದೇ ಬಣ್ಣ. ಯಾವುದು ಯಾವುದೆಂದು ತಿಳಿಯದೆ ಮುಟ್ಟಬಾರದು.

ತಿಳಿಯದೆ ಮುಟ್ಟಿದ್ದರ ಪರಿಣಾಮ ಎಷ್ಟು ಘೋರವಾಗಬಹುದೆಂಬುದಕ್ಕೆ ದೆಹಲಿಯ ಮಾಯಾಪುರಿ ಸಾಕ್ಷಿ. ಅದು ರೇಡಿಯೋ ಉಪಕರಣವಲ್ಲ, ನಿಜ. ಆದರೆ ಹಳೆಯ ವೈಜ್ಞಾನಿಕ ಯಂತ್ರಗಳ ವಿಲೇವಾರಿಯ ಬಗ್ಗೆ ಬರೆಯುವಾಗ ಅದನ್ನು ಬಿಡಲಾಗದು. ದೆಹಲಿ ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಒಂದು ವಿಕಿರಣ ಯಂತ್ರವನ್ನು 2010ರ ಫೆಬ್ರವರಿಯಲ್ಲಿ ಹರಾಜು ಹಾಕಲಾಯಿತು. ಒಳಗೆ ಕೋಬಾಲ್ಟ್-60 ಇತ್ತು. ಮಾಯಾಪುರಿಯ ಗುಜರಿ ಕೆಲಸಗಾರರು ಅದನ್ನು ಬಿಚ್ಚಿದರು. ಏಪ್ರಿಲ್ ಹೊತ್ತಿಗೆ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕೆಲಸಗಾರ ತೀರಿಕೊಂಡ. ರೇಡಿಯೋ ಉಪಕರಣಗಳಲ್ಲಿ ಅಷ್ಟು ದೊಡ್ಡ ಅಪಾಯವಿಲ್ಲದಿದ್ದರೂ ಸಣ್ಣವು ಇವೆ. ಯುದ್ಧಕಾಲದ ಮೀಟರುಗಳಲ್ಲಿ ಕತ್ತಲಲ್ಲಿ ಹೊಳೆಯುವ ಮುಳ್ಳುಗಳಿಗೆ ರೇಡಿಯಂ ಬಳಿದಿರುವುದುಂಟು; ಅದರ ಹೊಳಪು ಸತ್ತಿರುತ್ತದೆ, ವಿಕಿರಣ ಸತ್ತಿರುವುದಿಲ್ಲ. ಅವುಗಳ ಗಾಜು ತೆಗೆಯಬಾರದು, ಕೆರೆಯಬಾರದು.

ಈಗ ಈ ಯಂತ್ರಗಳಿಗೆ ಇರುವ ದೊಡ್ಡ ಶತ್ರು ತುಕ್ಕಲ್ಲ, ಚಿನ್ನ. 1960ರಿಂದ 80ರ ದಶಕದವರೆಗೆ ಒಳ್ಳೆಯ ಕಂಪನಿಗಳು ತಮ್ಮ ಸರ್ಕ್ಯೂಟ್ ಹಲಗೆಗಳಿಗೂ ಕನೆಕ್ಟರುಗಳಿಗೂ ಧಾರಾಳವಾಗಿ ಚಿನ್ನದ ಲೇಪ ಕೊಡುತ್ತಿದ್ದವು. ಚಿನ್ನದ ಬೆಲೆ ಏರಿದಂತೆ, ಕೆಲಸ ಮಾಡುವ ಯಂತ್ರವನ್ನೂ ಒಡೆದು ಆಮ್ಲದಲ್ಲಿ ಅದ್ದುವುದು ಮಾರುವುದಕ್ಕಿಂತ ಲಾಭವಾಗಿ ಕಾಣತೊಡಗಿತು. ಆ ಕೆಲಸ ನಡೆಯುವುದು ಗಾಳಿಯಾಡದ ಹಿತ್ತಿಲ ಕೋಣೆಗಳಲ್ಲಿ, ಬರಿಗೈಯಲ್ಲಿ. ಇದನ್ನು ತಡೆಯಲೆಂದೇ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಸಂಸ್ಥೆಗಳು ಕೆಟ್ಟ ಎಲೆಕ್ಟ್ರಾನಿಕ್ಸ್ ಮಾಲನ್ನು ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕು. 2023ರ ಏಪ್ರಿಲ್‌ನಿಂದ ಹೊಸ ನಿಯಮ ಜಾರಿಯಲ್ಲಿದೆ. ನಿಯಮ ಒಳ್ಳೆಯದೇ. ಆದರೆ ಅದನ್ನು ಪಾಲಿಸುವ ಗಡಿಬಿಡಿಯಲ್ಲಿ ದುರಸ್ತಿಯಾಗಬಲ್ಲ ಒಳ್ಳೆಯ ಯಂತ್ರವೂ ಕಸದ ಪಟ್ಟಿ ಸೇರಿ ಪುಡಿಯಾಗುತ್ತದೆ. ಒಡೆಯುವ ಮೊದಲು ಬಲ್ಲವರೊಬ್ಬರು ಒಂದು ದಿನ ಬಂದು ನೋಡುವ ಏರ್ಪಾಡನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಮಾಡಿಕೊಂಡರೆ ಅವುಗಳ ಪ್ರಯೋಗಾಲಯಕ್ಕೇ ಲಾಭ ಎಂದು ಈ ಲೇಖಕನ ಅಭಿಪ್ರಾಯ.

ಕಾಫಿ ಸೀಮೆಯ ಓದುಗರು ಇಷ್ಟು ಹೊತ್ತಿಗೆ, ಇದೆಲ್ಲ ಬೆಂಗಳೂರಿನವರ ಕಥೆ, ನಮಗೇನು ಎನ್ನಬಹುದು. ಆದರೆ ರೇಡಿಯೋ ಆವರ್ತನದ ಒಂದು ಅಳತೆ ಯಂತ್ರ ಅವರ ಕಣದಲ್ಲೇ ಇದೆ. ಕಾಫಿಯ ತೇವಾಂಶ ನೋಡುವ ಮೀಟರ್ ಅದು. ಮೊದಲೆಲ್ಲ ಬೀಜವನ್ನು ಹಲ್ಲಿನಲ್ಲಿ ಕಡಿದು, ಫೋರ್ಲಿಟ್ ಅಳತೆಯ ಡಬ್ಬಿಯಲ್ಲಿ ತುಂಬಿ ತೂಗಿ ಒಣಗಿದ್ದನ್ನು ತೀರ್ಮಾನಿಸುತ್ತಿದ್ದರು. ಈಗಲೂ ತೂಗುವವರಿದ್ದಾರೆ. ಪಾರ್ಚ್‌ಮೆಂಟ್ ಆಗಲಿ ಚೆರಿಯಾಗಲಿ ಶೇಕಡ ಸುಮಾರು 10ರಿಂದ 11ರ ತೇವಕ್ಕೆ ಬರಬೇಕು. ಹೆಚ್ಚಿದ್ದರೆ ಗೋದಾಮಿನಲ್ಲಿ ಬೂಷ್ಟು, ಕಮ್ಮಿಯಾದರೆ ತೂಕದಲ್ಲಿ ನಷ್ಟ. ಈ ಬಗೆಯ ಮೀಟರುಗಳಲ್ಲಿ ಬಹುಪಾಲಿನ ಒಳಗೆ ಬೀಜ ತುಂಬುವ ಬಟ್ಟಲು ಒಂದು ಕಂಡೆನ್ಸರಿನಂತೆ ಕೆಲಸ ಮಾಡುತ್ತದೆ. ವಿದ್ಯುತ್ ಕ್ಷೇತ್ರವನ್ನು ಹಿಡಿದಿಡುವ ಗುಣ ನೀರಿಗೆ ಸುಮಾರು 80 ಅಂಶವಿದ್ದರೆ, ಒಣ ಕಾಳಿಗೆ ಒಂದಂಕಿಯಷ್ಟು. ಆದ್ದರಿಂದ ತೇವ ತುಸು ಹೆಚ್ಚಿದರೂ ಕಂಡೆನ್ಸರಿನ ಬೆಲೆ ಏರುತ್ತದೆ. ಉಚ್ಚ ಆವರ್ತನದ ಅಲೆ ಕೊಟ್ಟು ಅದನ್ನು ಅಳೆದು ಶೇಕಡವಾರು ತೋರಿಸುತ್ತಾರೆ. ಬೂಂಟನ್‌ನ ಕ್ಯೂ ಮೀಟರಿಗೆ ಇದು ದೂರದ ದಾಯಾದಿ.

ಈ ಮೀಟರಿಗೂ ಬಿಸಿ-221ರ ಹಾಗೆ ಒಂದು ಜೋಡಿ ಕೋಷ್ಟಕವಿದೆ. ಅರೇಬಿಕಾ ಪಾರ್ಚ್‌ಮೆಂಟಿಗೆ ಹೊಂದಿಸಿದ ಅಂಕಿ ರೊಬಸ್ಟಾ ಚೆರಿಗೆ ನಡೆಯುವುದಿಲ್ಲ, ಬತ್ತಕ್ಕೆ ಮಾಡಿದ ಮೀಟರು ಕಾಫಿಗೆ ಸುಳ್ಳು ಹೇಳುತ್ತದೆ. ಮೀಟರು ಹೇಳಿದ್ದನ್ನು ಆಗಾಗ ಒಲೆಯಲ್ಲಿ ಒಣಗಿಸಿ ತೂಗಿದ ನಿಜವಾದ ತೇವಾಂಶದೊಡನೆ ಹೋಲಿಸಿ ನೋಡಬೇಕು. 1925ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಂಥ ಕಡೆಗಳಲ್ಲಿ ಇದನ್ನು ಬಲ್ಲವರಿದ್ದಾರೆ. ಸೆಕೆಂಡ್ ಹ್ಯಾಂಡ್ ಮೀಟರು ಕಮ್ಮಿಗೆ ಸಿಕ್ಕಿತೆಂದು ಕೋಷ್ಟಕವಿಲ್ಲದೆ ತಂದರೆ, ಒಂದು ಶೇಕಡ ತಪ್ಪು ತೋರಿದರೂ ನೂರು ಚೀಲಕ್ಕೆ ಒಂದು ಚೀಲದ ವ್ಯವಹಾರ. ಕೊಳ್ಳುವ ವ್ಯಾಪಾರಿಯ ಮೀಟರು ಒಂದು ಹೇಳುತ್ತದೆ, ಬೆಳೆಗಾರನ ಮೀಟರು ಇನ್ನೊಂದು. ಜಗಳ ಬೆಲೆಯದಲ್ಲ, ಅಳತೆಯದು.

ಇನ್ನು, ಅಟ್ಟದ ಮೇಲೆ ಅಜ್ಜನದೋ ಚಿಕ್ಕಪ್ಪನದೋ ಒಂದು ಬೂದು ಪೆಟ್ಟಿಗೆ ಇರುವವರಿಗೆ ಎರಡು ಮಾತು. ಅದರ ಜೊತೆ ಬಿದ್ದಿರುವ ಕಾಗದ, ಕೇಬಲ್ಲು, ಚಿಕ್ಕ ಡಬ್ಬಿ ಯಾವುದನ್ನೂ ಬೇರೆ ಮಾಡಬೇಡಿ. ಪುಸ್ತಕದ ಮೇಲೂ ಪೆಟ್ಟಿಗೆಯ ಮೇಲೂ ಒಂದೇ ಸಂಖ್ಯೆ ಇದೆಯೇ ನೋಡಿ. ನೋಡುವ ಕುತೂಹಲಕ್ಕೆ ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಮಳೆಗಾಲ ಕಳೆದು ಬಿಸಿಲು ಬಂದ ಮೇಲೆ ಕೆಲವು ದಿನ ಒಣ ಜಾಗದಲ್ಲಿಟ್ಟು, ಹಳೆಯ ರೇಡಿಯೋ ರಿಪೇರಿಯವರು ಮಾಡುತ್ತಿದ್ದಂತೆ 60 ಅಥವಾ 100 ವಾಟಿನ ಹಳೆ ತಂತಿ ಬಲ್ಬೊಂದನ್ನು ಸಾಲಿನಲ್ಲಿ ಸೇರಿಸಿ, ಬಲ್ಲವರ ಕೈಯಿಂದ ಕರೆಂಟು ಕೊಡಿಸಿ. ಬಲ್ಬು ಮಿಂಚಿ ಮಂಕಾದರೆ ಒಳಗೆ ಜೀವವಿದೆ. ಉರಿಯುತ್ತಲೇ ಇದ್ದರೆ ಸ್ವಿಚ್ಚು ಆರಿಸಿ, ಕಂಡೆನ್ಸರು ಬದಲಿಸುವವರನ್ನು ಹುಡುಕಿ.